ತಿಗರಿ ಕೊಳ್ಳುವ ಮೊದಲು ಮಣ್ಣನ್ನು ಸುಟ್ಟು ನೋಡಿ

ಕಲಬುರಗಿ ಜಿಲ್ಲೆಯ ಸೇಡಂ ಹತ್ತಿರ ಎರಡು ಎಕರೆ ಕೊಂಡು, ಅಲ್ಲಿಯೇ ಕುಂಬಾರಿಕೆಯ ಕಾರ್ಯಾಗಾರ ಕಟ್ಟಲು ಹೊರಟಿರುವ ಗೆಳೆಯರು ಮೂರು ಪ್ರಶ್ನೆ ಕೇಳಿದ್ದಾರೆ: ಹೊಲದ ಎರೆ ಮಣ್ಣು ನಡೆಯುತ್ತದೆಯೇ, ತಗಡಿನ ಶೆಡ್ ಸಾಕೇ, ಮೊದಲು ಕೊಳ್ಳಬೇಕಾದದ್ದು ವಿದ್ಯುತ್ ತಿಗರಿಯೋ (ಕುಂಬಾರನ ಚಕ್ರ) ಗ್ಯಾಸ್ ಭಟ್ಟಿಯೋ. ಇದುವರೆಗೆ ಉಳಿದವರು ಕೊಟ್ಟ ಉತ್ತರಗಳೆಲ್ಲ ತಿಗರಿಯ ಮೋಟರ್ ಸುತ್ತಲೇ ಸುತ್ತುತ್ತಿವೆ. ನನ್ನನ್ನು ಕೇಳಿದರೆ ಎರಡನ್ನೂ ಸದ್ಯಕ್ಕೆ ಬಿಡಿ. ಮೊದಲ ಹಣ ಮಣ್ಣು ಸೋಸುವ ತೊಟ್ಟಿಗೂ ಒಣಗಿಸುವ ಕೋಣೆಗೂ ಹೋಗಲಿ.

ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ನೆಲದಡಿ ಇರುವುದು ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದನ್ನು ಹುಡುಕಿಕೊಂಡೇ. ಅವರಿಗೆ ಬಂಗಾರವಾದದ್ದು ಕುಂಬಾರನಿಗೆ ಕಂಟಕ. ನಿಮ್ಮ ಹೊಲದ ಮಣ್ಣಿನ ಹೆಂಟೆಯೊಂದನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿ. ಜೋಳದ ಕಾಳಿನಷ್ಟು, ಕೆಲವೊಮ್ಮೆ ಸಾಸಿವೆಯಷ್ಟು ಸಣ್ಣ ಬಿಳಿ ಹರಳುಗಳು ಕೈಗೆ ತಾಗುತ್ತವೆ. ಭಟ್ಟಿಯ ಶಾಖ 800–900 ಡಿಗ್ರಿ ಮುಟ್ಟುವ ಹೊತ್ತಿಗೆ ಅವು ಸುಟ್ಟ ಸುಣ್ಣವಾಗಿರುತ್ತವೆ. ಹೊರಗೆ ತೆಗೆದಾಗ ಗಡಿಗೆಗೆ ಏನೂ ಆಗಿರುವುದಿಲ್ಲ, ಬಾರಿಸಿದರೆ ಠಣ್ ಎನ್ನುತ್ತದೆ. ಕೆಲವು ದಿನ ಕಳೆದ ಮೇಲೆ ಗಾಳಿಯ ತೇವ ಕುಡಿದ ಸುಣ್ಣ ಅರಳಿಕೊಂಡು, ಗಡಿಗೆಯ ಮೈಯಿಂದ ನಾಣ್ಯದಗಲದ ಚಕ್ಕೆಯನ್ನು ಸಿಡಿಸಿ ಎಬ್ಬಿಸುತ್ತದೆ. ಆ ಕುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಬೆಂಕಿಯನ್ನು ಬೈಯಬೇಡಿ, ಜರಡಿಯನ್ನು ಬದಲಾಯಿಸಿ.

ಪರೀಕ್ಷೆಗೆ ಖರ್ಚೇನೂ ಇಲ್ಲ. ಒಣ ಹೆಂಟೆಯ ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆ ಎದ್ದರೆ ಸುಣ್ಣ ಇದೆ ಎಂದರ್ಥ. ಆಮೇಲೆ ಹದ ಮಾಡಿದ ಮಣ್ಣಿನಿಂದ ಬಿಲ್ಲೆ ತಟ್ಟಿ, ಹಸಿಯಿರುವಾಗಲೇ ಅದರ ಮೇಲೆ 10 ಸೆಂಟಿಮೀಟರ್ ಗೆರೆ ಕೊರೆಯಿರಿ. ಒಣಗಿದಾಗ ಒಮ್ಮೆ, ಸುಟ್ಟ ಮೇಲೆ ಇನ್ನೊಮ್ಮೆ ಅಳೆದರೆ ಮಣ್ಣು ಎಷ್ಟು ಕುಗ್ಗುತ್ತದೆಂದು ತಿಳಿಯುತ್ತದೆ. ಬರಿಯ ಎರೆ ಮಣ್ಣಾದರೆ ಅಳೆಯುವ ಮೊದಲೇ ಬಿಲ್ಲೆ ಬಿರುಕು ಬಿಟ್ಟಿರುತ್ತದೆ. ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಅದರ ಜಾತಿಗುಣ. ಆದ್ದರಿಂದ ಅದೊಂದನ್ನೇ ನಂಬಬೇಡಿ. ಕೆರೆಯ ಹೂಳು ಸಿಕ್ಕರೆ ಒಳ್ಳೆಯದು, ಆದರೆ ಗ್ರಾಮ ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿರಲಿ. ಗುರುಮಠಕಲ್, ಯಾದಗಿರಿ ಕಡೆ ಗ್ರಾನೈಟ್ ನೆಲದ ಕೆಂಪು ಮಣ್ಣಿದೆ. ಅದನ್ನೂ ಸಣ್ಣ ಮರಳನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಬಿಲ್ಲೆಗಳನ್ನು ಸಾಲಾಗಿ ಮಾಡಿ, ಬೆನ್ನಿಗೆ ಗುರುತು ಹಾಕಿ. ಸುಟ್ಟ ಬಿಲ್ಲೆಗಳನ್ನು ಎರಡು ವಾರ ಬಚ್ಚಲಿನ ಕಟ್ಟೆಯ ಮೇಲೆ ಇಡಿ. ಸಿಡಿಯುವುದಿದ್ದರೆ ಅಲ್ಲಿಯೇ ಸಿಡಿಯಲಿ.

ತೊಟ್ಟಿ ಎರಡು ಬೇಕು. ಎತ್ತರದ್ದರಲ್ಲಿ ಮಣ್ಣನ್ನು ತೆಳುವಾಗಿ ಕಲಸಿ, 60 ಅಥವಾ 80 ಮೆಶ್ (ಒಂದು ಅಂಗುಲ ಉದ್ದಕ್ಕೆ ಅಷ್ಟು ಕಣ್ಣುಗಳಿರುವ) ಜರಡಿಯಲ್ಲಿ ಸೋಸಿ ತಗ್ಗಿನದಕ್ಕೆ ಬಿಡಿ. ಸೊಳ್ಳೆ ಪರದೆಯ ಜಾಲರಿ ಇದಕ್ಕೆ ಸಾಲದು. ತಗ್ಗಿನ ತೊಟ್ಟಿಗೆ ಇಟ್ಟಿಗೆ ಹಾಸಿ. ಸುಣ್ಣದ ಗಾರೆಯನ್ನು ಮಾತ್ರ ಹತ್ತಿರ ಸುಳಿಯಗೊಡಬೇಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಗಡಿಗೆಯ ಮೇಲೆ ಬಿಳಿ ಉಪ್ಪು ಮೂಡಬಹುದು, ಹಾಗಾಗಿ ಮಳೆನೀರು ಹಿಡಿದಿಟ್ಟುಕೊಳ್ಳುವುದು ಜಾಣತನ.

ಒಣಗಿಸುವ ವಿಷಯಕ್ಕೆ ಬರೋಣ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಶೆಡ್‌ನಡಿ ಹಸಿ ಗಡಿಗೆ ಇಡುವುದೂ ಒಂದೇ, ಹೆಂಚಿನ ಮೇಲೆ ರೊಟ್ಟಿ ಹಾಕುವುದೂ ಒಂದೇ. ಬಿಸಿಗಾಳಿಗೆ ಕಂಠ ಬೇಗ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗಿಯೇ ಇರುತ್ತದೆ. ಇವೆರಡರ ಜಗ್ಗಾಟದಲ್ಲಿ ಬಿರುಕು ಬೀಳುತ್ತದೆ. ಊರೊಳಗೆ ಹಳೆಯ ಮಾಳಿಗೆ ಮನೆಯ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿ: ನೀವು ಎಷ್ಟು ಹಣ ಸುರಿದರೂ ಹೊಸ ಶೆಡ್‌ಗೆ ಆ ತಂಪು ಬರುವುದಿಲ್ಲ. ಅಲ್ಲಿಯೂ ಮೊದಲ ದಿನ ಕಂಠಕ್ಕೆ ಒದ್ದೆ ಬಟ್ಟೆ ಸುತ್ತಿ, ಆಮೇಲೆ ಕಂಠ ಗಟ್ಟಿಯಾದ ಕೂಡಲೇ ಬೋರಲು ಹಾಕಿ. ತಗಡು ಭಟ್ಟಿಯ ಮೇಲಿರಲಿ, ಅದರ ಜಾಗ ಅದು. ಹೊಲದಲ್ಲಿಯೇ ಕಟ್ಟುವುದಾದರೆ ಎರೆಯನ್ನು ದಾಟಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಬುನಾದಿ ತೆಗೆಯಿರಿ, ಇಲ್ಲದಿದ್ದರೆ ಗಡಿಗೆಗಿಂತ ಮೊದಲು ಗೋಡೆ ಬಿರಿಯುತ್ತದೆ.

ಗ್ಯಾಸ್ ಭಟ್ಟಿಯಲ್ಲಿ 1200 ಡಿಗ್ರಿಯ ಸ್ಟೋನ್‌ವೇರ್ (ಕಲ್ಲಿನಂತೆ ಗಟ್ಟಿಯಾಗಿ ಸುಟ್ಟ ಪಾತ್ರೆ) ಮಾಡುವ ಆಸೆ ನಿಮ್ಮದು. ಹೊಲದ ಮಣ್ಣು ಆ ಶಾಖಕ್ಕೆ ನಿಲ್ಲುವುದಿಲ್ಲ. ಉಬ್ಬಿ, ಕರಗಿ, ಕೆಳಗಿನ ಹಲಗೆಗೇ ಅಂಟಿಕೊಳ್ಳುತ್ತದೆ. ಹೊರಗಿನಿಂದ ಮಣ್ಣು ತರಿಸುವುದಾದರೆ ಹಳ್ಳಿಗೆ ಬಂದ ಲಾಭವೇನು? ಕೆಳಗಿನಿಂದ ಉರಿ ಏರುವ ಸಾದಾ ಸೌದೆಯ ಭಟ್ಟಿ ಕಟ್ಟಿಸಿ, 900ರ ಆಸುಪಾಸಿನಲ್ಲಿ ಸುಡಿ. ತೊಗರಿ ರಾಶಿ ಮುಗಿದ ಮೇಲೆ ಈ ಸೀಮೆಯಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ. ಆದರೆ ಅದು ಭರ್ರನೆ ಉರಿದು ಮುಗಿಯುವ ಸೌದೆ, ಕೊನೆಯ ಹಂತದ ಉದ್ದ ಜ್ವಾಲೆಗೆ ಸರಿ. ಮೊದಲ ಗಂಟೆಗಳ ನಿಧಾನದ ಕಾವಿಗೆ ಕುಳ್ಳು, ಆಮೇಲೆ ಜಾಲಿ ಕಟ್ಟಿಗೆ ಬೇಕು. ಹಸಿ ಪೂರ್ತಿ ಆರುವ ಮೊದಲು ಅವಸರ ಮಾಡಿದರೆ ಗಡಿಗೆ ಒಳಗೇ ಸಿಡಿಯುತ್ತದೆ. ಆರಿಸುವಾಗ 573 ಡಿಗ್ರಿಯ ಸುತ್ತ ಮಣ್ಣಿನೊಳಗಿನ ಮರಳು ಹಠಾತ್ತನೆ ಕುಗ್ಗುವುದರಿಂದ ಬಾಗಿಲು ತೆರೆಯುವ ಆತುರ ಬೇಡ. ಕೈಯಿಂದ ಹಿಡಿಯುವಷ್ಟು ತಣ್ಣಗಾಗಲಿ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಶಹಾಬಾದ್ ಕಲ್ಲು ಅಗ್ಗವಾಗಿ ಸಿಗುತ್ತದೆಂದು ಭಟ್ಟಿಯೊಳಗೆ ಹಾಸಬೇಡಿ. ಅದೂ ಸುಣ್ಣಕಲ್ಲೇ. ಶಾಖಕ್ಕೆ ಪದರು ಸಿಡಿದು, ಆಮೇಲೆ ಸುಣ್ಣವಾಗಿ ಉದುರುತ್ತದೆ. ನೆಲಕ್ಕೆ, ಕಪಾಟಿಗೆ, ಮಣ್ಣು ನಾದುವ ಕಟ್ಟೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಭಟ್ಟಿ ಎಲ್ಲಿ ಎಂದರೆ, ಯಾರ ಬಣವೆಗೂ ಕಿಡಿ ಹಾರದಷ್ಟು ದೂರದಲ್ಲಿ. ಜನವರಿಯಲ್ಲಿ ಸುತ್ತಲಿನ ಕಣಗಳೆಲ್ಲ ತುಂಬಿರುತ್ತವೆ, ನೆರೆಯವರ ಸ್ನೇಹ ಒಂದೇ ಕಿಡಿಗೆ ಮುಗಿದೀತು.

ಭಟ್ಟಿ ಇಲ್ಲದೆಯೂ ಶುರು ಮಾಡಬಹುದು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಯಾರೂ ಸುಡುವುದಿಲ್ಲ, ಅಲ್ಲಿ ಸುಣ್ಣದ ಹರಳಿನ ಕಾಟವೂ ಇಲ್ಲ. ದೀಪಾವಳಿಗೆ ಹಣತೆ, ಬೇಸಿಗೆಗೆ ನೀರಿನ ಗಡಿಗೆ. ನೀರು ತಣ್ಣಗಿರಬೇಕೆಂದರೆ ಮಣ್ಣಿಗೆ ಸೋಸಿದ ಲದ್ದಿಯೋ ಬೂದಿಯೋ ಸ್ವಲ್ಪ ಸೇರಿಸಿ. ಸುಟ್ಟಾಗ ಉಳಿಯುವ ಸೂಕ್ಷ್ಮ ರಂಧ್ರಗಳಿಂದಲೇ ನೀರು ಬೆವರಿ ತಂಪಾಗುವುದು.

ತಿಗರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೋಲ್ಟೇಜ್ ಇಳಿಯುವ ಹಳ್ಳಿಯಾದರೆ ಸ್ಟೆಬಿಲೈಸರ್ ಇರಲಿ, ಕಾಲಿನಿಂದ ತಿರುಗಿಸುವುದೂ ಒಂದಿರಲಿ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷದವರೆಗೆ ಸಾಲ ಅದರಲ್ಲಿದೆ. ನಿಮಗಿಂತ ಮೊದಲು ಅದು ಊರಿನಲ್ಲಿ ಈಗಾಗಲೇ ಗಡಿಗೆ ಮಾಡುತ್ತಿರುವವರಿಗೆ ಸಿಗಬೇಕು. ಅರ್ಜಿ ಹಾಕಲು ಅವರಿಗೆ ನೆರವಾಗಿ, ಅವರಿಂದ ಆವಿಗೆ ಒಟ್ಟುವುದನ್ನು, ಅಂದರೆ ಸುಡಲು ಗಡಿಗೆಗಳನ್ನು ಪೇರಿಸುವುದನ್ನು, ಕಲಿಯಿರಿ.

ಮೊದಲ ಬಿಲ್ಲೆಗಳು ಬಚ್ಚಲಿನಲ್ಲಿ ಎರಡು ವಾರ ಕಳೆದ ಮೇಲೆ ಹಿಂದೆ ಮುಂದೆ ಎರಡೂ ಬದಿಯ ಚಿತ್ರ ಹಾಕಿ, ಬೆರಕೆಯ ಪ್ರಮಾಣವನ್ನೂ ಬರೆಯಿರಿ. ಭಟ್ಟಿಯ ಅಳತೆಯನ್ನು ಅದನ್ನು ನೋಡಿಯೇ ಹೇಳುತ್ತೇನೆ.