ಪಂಚಾಯ್ತಿ ಅಂಗಳದಲ್ಲಿ ಕೂರೋದೆಲ್ಲಿ?

ಪ್ರಶ್ನೆ: ಮೇಡಂ, ನಮ್ಮ ಗ್ರಾಮ ಪಂಚಾಯ್ತಿ ಕಚೇರಿ, ಗ್ರಂಥಾಲಯ ಎರಡೂ ಒಂದೇ ಕಾಂಪೌಂಡಿನಲ್ಲಿವೆ. ಮುಂದೆ ಖಾಲಿ ಅಂಗಳವಿದೆ. ಪಿಂಚಣಿ ಕೆಲಸಕ್ಕೆ ಬರುವ ವಯಸ್ಸಾದವರು ಮೆಟ್ಟಿಲ ಮೇಲೆಯೇ ಕೂರುತ್ತಾರೆ. ಗ್ರಂಥಾಲಯಕ್ಕೆ ಗಾಲಿಕುರ್ಚಿಯಲ್ಲಿ ಬರುವ ಹುಡುಗಿಯೊಬ್ಬಳಿದ್ದಾಳೆ. ಅಂಗಳಕ್ಕೆ ಲಾನ್, ಕಾರಂಜಿ, ಪಾಲಿಶ್ ಗ್ರಾನೈಟ್ ಹಾಕಿಸೋಣ ಅಂತ ಸದಸ್ಯರು ಹೇಳುತ್ತಿದ್ದಾರೆ. ಏನು ಮಾಡಿದರೆ ಒಳ್ಳೆಯದು?
ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಕಾರಂಜಿ ಬೇಡ. ಆ ದುಡ್ಡನ್ನು ಚಾವಣಿಗೆ ಹಾಕಿ. ಮೂಡಿಗೆರೆಯ ಮಳೆಗಾಲದಲ್ಲಿ ಸೂರಿಲ್ಲದ ಬೆಂಚು ಇದ್ದೂ ಇಲ್ಲದ ಹಾಗೆ. ನೀರಿನ ಸದ್ದು ಹಿತವೇ, ಒಪ್ಪುತ್ತೇನೆ. ಆದರೆ ಕಿವಿ ಮಂದವಾದವರಿಗೆ ಒಳಗಿಂದ ಹೆಸರು ಕೂಗಿದ್ದು ಆ ಸದ್ದಿನಲ್ಲಿ ಕೇಳಿಸುವುದಿಲ್ಲ.

ಅಜ್ಜ ಅಜ್ಜಿಯರು ಮೆಟ್ಟಿಲ ಮೇಲೆ ಯಾಕೆ ಕೂರುತ್ತಾರೆ ಹೇಳಿ? ಸರದಿ ತಪ್ಪೀತು ಅನ್ನುವ ಭಯ. ದೂರದ ಮರದಡಿ ಎಷ್ಟು ಚೆಂದದ ಬೆಂಚು ಹಾಕಿದರೂ ಅವರು ಅಲ್ಲಿಗೆ ಹೋಗುವುದಿಲ್ಲ. ಕೂತಲ್ಲಿಂದಲೇ ಕಚೇರಿ ಬಾಗಿಲು ಕಾಣಬೇಕು, ಹೆಸರು ಕೇಳಬೇಕು. ನೆಮ್ಮದಿ ಶುರುವಾಗುವುದು ಅಲ್ಲಿಂದ. ಹೂಗಿಡ ಆಮೇಲೆ.

ಬೆನ್ನಿಗೊಂದು ಗೋಡೆಯೂ ಬೇಕು. ಹಿಂದೆ ಜನ ಓಡಾಡುತ್ತಿದ್ದರೆ ಹಾಯಾಗಿ ಕೂರಲು ಆಗುವುದಿಲ್ಲ. ತರೀಕೆರೆ ಹತ್ತಿರದ ಅಮೃತಾಪುರ ನೋಡಿದ್ದೀರಾ? 1196ರ ಹೊಯ್ಸಳ ದೇವಸ್ಥಾನ. ಅದರ ತೆರೆದ ಮಂಟಪದ ಅಂಚಿಗೆ ಕಲ್ಲಿನ ಜಗಲಿ ಇದೆ. ಬೆನ್ನಿಗೆ ಗಿಡ್ಡ ಗೋಡೆ, ಮೇಲೆ ಸೂರು, ಗಾಳಿ ಬೆಳಕು ಧಾರಾಳ. ನಿಮ್ಮಲ್ಲಿ ಆ ಗೋಡೆ ಪಶ್ಚಿಮಕ್ಕಿರಲಿ. ಮುಂಗಾರಿನ ಎರಚಲು ಆ ಕಡೆಯಿಂದಲೇ ಜಾಸ್ತಿ, ಸಂಜೆ ಬಿಸಿಲೂ ಅಲ್ಲಿಂದಲೇ.

ಇನ್ನು ಬೆಂಚು. ಕೂರುವುದು ಸುಲಭ, ಏಳುವುದು ಕಷ್ಟ. ನಮ್ಮತ್ತೆಗೆ ಮಂಡಿ ಸವೆದಿದೆ. ಛತ್ರದ ಕಟ್ಟೆಯಿಂದ ಏಳಬೇಕಾದರೆ ಪಕ್ಕದವರ ಹೆಗಲು ಹುಡುಕುತ್ತಾರೆ. ಕೈ ಇರುವ ಕುರ್ಚಿಯಾದರೆ ತಾವೇ ಎದ್ದು ನಡೆಯುತ್ತಾರೆ. ಅದಕ್ಕೇ ಬೆಂಚಿನ ಎತ್ತರ 45ರಿಂದ 48 ಸೆಂ.ಮೀ. ಇರಲಿ. ಒರಗಲು ಬೆನ್ನು, ಊರಿ ಏಳಲು ಕೈ. ಕೈ ಆಸನಕ್ಕಿಂತ ಸುಮಾರು 20 ಸೆಂ.ಮೀ. ಮೇಲಿರಲಿ. ಬೆಂಚಿನಡಿ ಖಾಲಿ ಬಿಡಿ. ಏಳುವಾಗ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಅಲ್ವಾ? ಇಟ್ಟಿಗೆ ತುಂಬಿ ಕಟ್ಟಿದ ಕಟ್ಟೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಆ ಹುಡುಗಿಗೆ ಮೂಲೆಯಲ್ಲಿ ಪ್ರತ್ಯೇಕ ಜಾಗ ಮಾಡಬೇಡಿ. ಎರಡು ಬೆಂಚುಗಳ ನಡುವೆ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಸಮತಟ್ಟು ಜಾಗ ಬಿಡಿ. ಗೆಳತಿಯರ ಪಕ್ಕದಲ್ಲೇ ಇರಲಿ. ಮುಂದೆ ಕುರ್ಚಿ ತಿರುಗಿಸಲು ಉದ್ದಗಲ 150 ಸೆಂ.ಮೀ. ಬೇಕು. ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದರಲ್ಲಿ ಮಾತ್ರ ಚೌಕಾಸಿ ಬೇಡವೇ ಬೇಡ. ಕಡಿದಾದರೆ ಹಿಂದಿನಿಂದ ಒಬ್ಬರು ತಳ್ಳಲೇಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಕಟ್ಟಡ ಅವರಿಗೂ ಬಳಸಲು ಆಗುವಂತಿರಬೇಕು ಅಂತ ಸದಸ್ಯರಿಗೆ ಹೇಳಿ.

ನೆಲಕ್ಕೆ ಪಾಲಿಶ್ ಗ್ರಾನೈಟ್ ಖಂಡಿತ ಬೇಡ, ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಒರಟು ಕಲ್ಲು ಹಾಸಿ, ಸಂದಿ ತುಂಬಿಸಿ. ನೆನೆದ ಲಾನಿನಲ್ಲಿ, ಜಲ್ಲಿಯಲ್ಲಿ ಗಾಲಿ ಹೂತುಹೋಗುತ್ತದೆ.

ನೆರಳಿಗೆ ಹೊಂಗೆ, ಪರಿಮಳಕ್ಕೆ ಒಂದು ಸಂಪಿಗೆ ಸಾಕು. ಕಣಗಿಲೆ ನೆಡಬೇಡಿ, ಅದು ಬುಡದಿಂದ ತುದಿಯವರೆಗೆ ವಿಷ, ಮಕ್ಕಳು ಬರುವ ಜಾಗ. ಸಿಲ್ವರ್ ಓಕ್ ಕೆಳಗೂ ಬೆಂಚು ಬೇಡ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ.

ಪಾಯ ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಜನ ಜಾಸ್ತಿ ಬರುವ ದಿನ ಅಂಗಳದಲ್ಲಿ ಸುಮ್ನೆ ಪ್ಲಾಸ್ಟಿಕ್ ಕುರ್ಚಿ ಇಡಿ. ಅವರು ಎಲ್ಲಿಗೆ ಎಳೆದುಕೊಂಡು ಕೂರುತ್ತಾರೆ ಅಂತ ಗುರುತು ಮಾಡಿಕೊಳ್ಳಿ. ರ‍್ಯಾಂಪ್ ಎಲ್ಲಿ ಬರಬೇಕು ಅಂತ ಆ ಹುಡುಗಿಯನ್ನೇ ಕೇಳಿ. ಆಮೇಲೆ ಅಳತೆ ಹಾಕಿದ ನಕ್ಷೆ ಕಳಿಸಿ, ನೋಡಿ ಹೇಳುತ್ತೇನೆ.