ಗ್ರಬ್‌ನಲ್ಲಿ ಓಡುವ ಕೀಬೋರ್ಡ್ ಮಿಂಟ್‌ನಲ್ಲಿ ಸತ್ತರೆ

ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂ) ಹಾಕಿ ನೋಡಿದಾಗ ಗ್ರಬ್ ಮೆನುವಿನಲ್ಲಿ (ಯಾವುದನ್ನು ಬೂಟ್ ಮಾಡಲಿ ಅಂತ ಶುರುವಿನಲ್ಲಿ ಕೇಳುವ ಪರದೆ) ಬಾಣದ ಕೀ ಓಡುತ್ತವೆ, ಡೆಸ್ಕ್‌ಟಾಪ್ ಬಂದ ಮೇಲೆ ಒಂದೂ ಅಕ್ಷರ ಬೀಳಲ್ಲ, ಬುಧವಾರ ಪೇಠೆಯ ಅಂಗಡಿಯವನು ಕೀಬೋರ್ಡೇ ಬದಲಿಸಿ ಅಂತಾನೆ ಅಂದ್ರಲ್ಲ. ಬದಲಿಸಬೇಡಿ, ಸುಮ್ನೆ ದುಡ್ಡು ದಂಡ. ಗ್ರಬ್‌ನಲ್ಲಿ ಓಡ್ತಿದೆ ಅಂದ್ರೆ ಕೀಬೋರ್ಡ್ ಗಟ್ಟಿಯಾಗೇ ಇದೆ. ಅಲ್ಲಿ ಅದನ್ನು ನೋಡಿಕೊಳ್ಳೋದು ಬಯಾಸ್ (ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್), ಆಮೇಲೆ ಕರ್ನಲ್ (ಲಿನಕ್ಸ್‌ನ ತಿರುಳು) ತನ್ನ ಡ್ರೈವರ್ ಹಾಕಿಕೊಂಡು ಮತ್ತೆ ಮಾತಾಡಿಸಬೇಕು, ಎಡವಟ್ಟು ಆಗ್ತಿರೋದು ಅಲ್ಲೇ.

ಗ್ರಬ್ ಮೆನುವಿನಲ್ಲಿ ಮಿಂಟ್ ಸಾಲಿನ ಮೇಲೆ ನಿಂತು ಇ ಒತ್ತಿ. 'ಲಿನಕ್ಸ್' ಅಂತ ಶುರುವಾಗುವ ಸಾಲಿನಲ್ಲಿ 'ಕ್ವಾಯಟ್ ಸ್ಪ್ಲ್ಯಾಶ್' (quiet splash) ಕಾಣುತ್ತೆ, ಅದರ ಮುಂದೆ ಒಂದು ಜಾಗ ಬಿಟ್ಟು 'ಐ8042.ರಿಸೆಟ್' ಸೇರಿಸಿ (ಇಂಗ್ಲಿಷ್ ಸಣ್ಣಕ್ಷರ, ನಡುವೆ ಚುಕ್ಕೆ: i8042.reset), ಎಫ್10 ಒತ್ತಿ. ಆಗಲಿಲ್ವಾ, ರಿಸೆಟ್ ಬದಲು 'ನೋಪಿಎನ್‌ಪಿ' (i8042.nopnp), ಅದೂ ಆಗದಿದ್ರೆ 'ಡಂಬ್‌ಕೆಬಿಡಿ' (i8042.dumbkbd) ಹಾಕಿ ನೋಡಿ. ಕೊನೆಯದರಲ್ಲಿ ಕ್ಯಾಪ್ಸ್ ಲಾಕ್ ದೀಪ ಹತ್ತಲ್ಲ, ತಲೆ ಕೆಡಿಸ್ಕೋಬೇಡಿ.

ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಇನ್‌ಸ್ಟಾಲ್ ಆದ ಮೇಲೆ ಕೆಲಸ ಮಾಡಿದ ಅದೇ ಪದವನ್ನು ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರ್‌ನ ಗ್ರಬ್ ಫೈಲಿನಲ್ಲಿ (/etc/default/grub) 'ಕ್ವಾಯಟ್ ಸ್ಪ್ಲ್ಯಾಶ್' ಇರುವ ಸಾಲಿಗೆ ಸೇರಿಸಿ, ಟರ್ಮಿನಲ್‌ನಲ್ಲಿ 'ಸುಡೋ ಅಪ್‌ಡೇಟ್-ಗ್ರಬ್' (sudo update-grub) ಕೊಡಬೇಕು. ಅಲ್ಲಿವರೆಗೆ ಯಾರದಾದ್ರೂ ಯುಎಸ್‌ಬಿ ಕೀಬೋರ್ಡ್ ಇಸ್ಕೊಳ್ಳಿ. ಮೂರೂ ಕೈಕೊಟ್ರೆ ಲ್ಯಾಪ್‌ಟಾಪ್ ಮಾಡೆಲ್ ಯಾವುದು ಅಂತ ಇಲ್ಲಿ ಬರೆದು ಹಾಕಿ. ತೀರಾ ಹೊಸದಾಗಿದ್ರೆ ಇನ್ನೂ ಹೊಸ ಕರ್ನಲ್ ಬೇಕಾಗಬಹುದು.