ಗುಂತಕಲ್ಲಿಗೆ ಬಿಲ್ ಹಾಕಲು ಬರುತ್ತಾ?

ಬಳ್ಳಾರಿಯಲ್ಲಿ ಗಣಿ, ಉಕ್ಕು, ಜೀನ್ಸ್ ಎಲ್ಲಾ ಇದ್ದರೂ ಡಿಗ್ರಿ ಮುಗಿಸಿದವರು ಯಾಕೆ ಬೆಂಗಳೂರಿಗೆ ಬರುತ್ತಾರೆ ಅಂತ ಕೇಳಿದ್ದೀರಿ. ಗಣಿ, ಉಕ್ಕಿನ ವಿಷಯ ಅವರವರೇ ಹೇಳಲಿ. ನಾನು ಒಂದು ಸಣ್ಣ ಜೀನ್ಸ್ ಯುನಿಟ್‌ನಲ್ಲಿ ಲೆಕ್ಕ ಬರೆಯುವವನು. ನನಗೆ ಗೊತ್ತಿರುವುದು ಇಷ್ಟು.

ಹೋದ ವರ್ಷ ಬಿ.ಕಾಂ. ಮುಗಿಸಿದ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದ. ಮಾರ್ಕ್ಸ್ ಚೆನ್ನಾಗಿತ್ತು. ಓನರ್ ಮಾರ್ಕ್ಸ್ ಕಾರ್ಡ್ ನೋಡಲೇ ಇಲ್ಲ. "ತಮ್ಮಾ, ಗುಂತಕಲ್ಲಿಗೆ ನೂರು ಪ್ಯಾಂಟ್ ಹೋಗಬೇಕು, ಒಂದು ಬಿಲ್ ಹಾಕು" ಅಂದರು. ಹುಡುಗ ತೆರಿಗೆಯನ್ನು ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಅರ್ಧರ್ಧ ಹಾಕಿದ. ಪಾಪ, ಗುಂತಕಲ್ ನಮಗೆ ಪಕ್ಕದೂರೇ ಅಲ್ವಾ? ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಕೂಡ ಅದರ ಮೇಲೆಯೇ ಹೋಗುತ್ತದೆ. ಆದರೆ ಅದು ಆಂಧ್ರ. ಬೇರೆ ರಾಜ್ಯಕ್ಕೆ ಹೋಗುವ ಮಾಲಿಗೆ ಐಜಿಎಸ್‌ಟಿ ಅಂತ ಒಂದೇ ತೆರಿಗೆ ಹಾಕಬೇಕು. ಅರ್ಧರ್ಧ ಹಾಕುವುದು ಅಷ್ಟು ದೂರದ ಬೆಂಗಳೂರಿನ ಮಾಲಿಗೆ!

ಇನ್ನು ಜಾಬ್ ವರ್ಕ್, ಅಂದರೆ ನಮ್ಮ ಮಾಲಿನ ಕೆಲಸ ಹೊರಗೆ ಮಾಡಿಸುವುದು. ಬಟ್ಟೆ ನಮ್ಮಲ್ಲಿ ಕಟಿಂಗ್ ಆಗುತ್ತದೆ, ಹೊಲಿಗೆ ಒಬ್ಬರ ಹತ್ತಿರ, ವಾಷಿಂಗ್ ಇನ್ನೊಬ್ಬರ ಹತ್ತಿರ. ಮಾಲು ಮಾರಿಲ್ಲ, ಹಾಗಾಗಿ ಬಿಲ್ ಅಲ್ಲ, ಡೆಲಿವರಿ ಚಲನ್, ಅಂದರೆ ಏನು ಎಷ್ಟು ಕಳಿಸಿದೆವು ಅನ್ನುವ ಚೀಟಿ. ಒಂದು ವರ್ಷದೊಳಗೆ ಮಾಲು ವಾಪಸ್ ಬರಬೇಕು. ಆಂಧ್ರದ ರಾಯದುರ್ಗಕ್ಕೆ ಹೊಲಿಗೆಗೆ ಕಳಿಸಿದರೆ ಬೆಲೆ 50,000 ರೂಪಾಯಿ ದಾಟದಿದ್ದರೂ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಬೇಕು, ಗಡಿ ದಾಟುತ್ತದಲ್ಲ. ಹುಡುಗ ಜಿಎಸ್‌ಟಿಯನ್ನು ಪರೀಕ್ಷೆಗೆ ಓದಿದ್ದ, ಚಲನ್ ಪುಸ್ತಕ ಮಾತ್ರ ಕಣ್ಣಿಂದ ನೋಡಿರಲಿಲ್ಲ.

ಕರ್ನಾಟಕದಲ್ಲಿ ಡಿಗ್ರಿ 2021-22ರಲ್ಲಿ ನಾಲ್ಕು ವರ್ಷದ್ದಾಯಿತು, 2024-25ಕ್ಕೆ ಮತ್ತೆ ಮೂರಕ್ಕೆ ಬಂತು. ನಮ್ಮ ಓನರ್‌ಗೆ ಎರಡೂ ಗೊತ್ತಾಗಲಿಲ್ಲ. ಅವರನ್ನು ಕೇಳಿದವರೂ ಇಲ್ಲ.

ಹಾಗಂತ ಓನರ್ ಕೇಳಿದ್ದನ್ನೆಲ್ಲ ಪಾಠ ಮಾಡಿ ಅನ್ನುವವನು ನಾನಲ್ಲ. ನಾನು ಕಲಿತದ್ದು ಹಳೆಯ ಮಾರಾಟ ತೆರಿಗೆಯ ವ್ಯಾಟ್, ಸಿ ಫಾರಂ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಅದೆಲ್ಲ ಮೂಲೆಗೆ ಹೋಯಿತು. ಜಮಾ-ಖರ್ಚಿನ ಬುಡ ಗಟ್ಟಿ ಇದ್ದದ್ದಕ್ಕೆ ಬಚಾವಾದೆ. ಕೊನೆಯ ಸೆಮಿಸ್ಟರ್‌ನಲ್ಲಿ ಎರಡು ತಿಂಗಳು ಯಾವುದಾದರೂ ಯುನಿಟ್‌ನಲ್ಲೋ ಆಡಿಟರ್ ಆಫೀಸಿನಲ್ಲೋ ಕೂರಿಸಿದರೆ ಸಾಕು. ಸರ್ಟಿಫಿಕೇಟ್‌ಗೆ ಸುಮ್ನೆ ಸಹಿ ಹಾಕಿಸಿಕೊಂಡು ಬರುವ ಇಂಟರ್ನ್‌ಶಿಪ್ ಬೇಡ.

ಆ ಹುಡುಗನನ್ನು ಇಟ್ಟುಕೊಂಡೆವು. ಬಿಲ್ ಕೆಲಸ ಹದಿನೈದು ದಿನಕ್ಕೆ ಬಂತು. ತೆಲುಗು ಮೊದಲೇ ಬರುತ್ತಿತ್ತು, ಬೀದಿಯಲ್ಲಿ ಆಡಿ ಕಲಿತದ್ದು. ಅದಕ್ಕೆ ಯಾವ ಕಾಲೇಜೂ ಮಾರ್ಕ್ಸ್ ಕೊಟ್ಟಿರಲಿಲ್ಲ. ಮೊನ್ನೆ ರಾಯದುರ್ಗದಿಂದ ಬಂದ ಮಾಲಿನಲ್ಲಿ ಹತ್ತು ಪೀಸ್ ಕಡಿಮೆ ಇದ್ದದ್ದನ್ನು ಚಲನ್ ನೋಡಿ ಅವನೇ ಹಿಡಿದ. ಫೋನ್ ಎತ್ತಿ ತೆಲುಗಿನಲ್ಲೇ ಅರ್ಧ ಗಂಟೆ ಜಗಳ ಆಡಿ, ಏಳು ಪೀಸ್ ತರಿಸಿಯೇ ಬಿಟ್ಟ. ಉಳಿದ ಮೂರಕ್ಕೆ ಇನ್ನೂ ಜಗಳ ನಡೀತಿದೆ.